ಬೋಳನ ಸುಳ್ಳು ಸಾಕ್ಷಿ

ನಮ್ಮ ಭಾವ ಕೂತದ್ದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಅಕ್ಕ ಒಪ್ಪುವುದಿಲ್ಲ. ಅವಳ ಪ್ರಕಾರ ಅದು ಕೂರುವುದಲ್ಲ, ಒಮ್ಮೆ ಎದ್ದು ಇನ್ನೊಮ್ಮೆ ಏಳುವುದರ ನಡುವೆ ಕುರ್ಚಿಗೆ ಮೈ ತಗುಲಿಸಿ ಹೋಗುವುದು. ಅಷ್ಟು ವರ್ಷ ಸಂಸಾರ ಮಾಡಿದವಳು ಅವಳು, ಅವರ ಮನೆಯ ಮಹಡಿಯಲ್ಲಿ ಬಾಡಿಗೆಗಿರುವ ತಮ್ಮ ನಾನು. ಹಾಗಾಗಿ ಈ ವಿಷಯದಲ್ಲಿ ಅವಳ ಮಾತಿಗೇ ತೂಕ.

ಭಾವ ಕನ್ನಡಕದ ಅಂಗಡಿಯ ಕೆಲಸಗಾರರು. ಗಾಜು ಉಜ್ಜಿ ಅಂಚು ತರುವುದು, ಮೂಗಿನ ಮೇಲೆ ಕೂರದ ಫ್ರೇಮನ್ನು ಕೂರಿಸುವುದು, ಕಿವಿಯ ಹಿಂದೆ ಕೊರೆಯುವ ಕಡ್ಡಿಯನ್ನು ಬಿಸಿಮಾಡಿ ಬಗ್ಗಿಸುವುದು ಅವರ ಉದ್ಯೋಗ. ಜೇಬಿನಲ್ಲಿ ಪೆನ್ನಿರಬೇಕಾದ ಜಾಗದಲ್ಲಿ ಪುಟಾಣಿ ಸ್ಕ್ರೂಡ್ರೈವರ್. ಬೀದಿಯವರು ಅವರನ್ನು ‘ಸ್ಕ್ರೂ ಸಾರ್’ ಎನ್ನುತ್ತಾರೆ. ಟೈಟಾದ ಸ್ಕ್ರೂವೋ ಲೂಸಾದದ್ದೋ ಎಂಬುದನ್ನು ಕೇಳುವವರ ವಿವೇಚನೆಗೆ ಬಿಡುತ್ತಾರೆ. ಅಂಗಡಿ ಮುಚ್ಚಿದ ಮೇಲೂ ಭಾವನ ಕೈ ಸುಮ್ಮನಿರುವುದಿಲ್ಲ. ಒಮ್ಮೆ ಬಸ್ ಸ್ಟಾಪಿನಲ್ಲಿ ಪಕ್ಕದವನ ಕನ್ನಡಕ ಒಂದು ಕಡೆ ವಾಲಿದ್ದು ಕಂಡು, "ಒಂದ್ನಿಮಿಷ ಕೊಡಿ ಸ್ವಾಮಿ" ಎಂದು ಅವನ ಮೂಗಿನಿಂದಲೇ ಬಿಡಿಸಿಕೊಂಡರು. ಅಷ್ಟರಲ್ಲಿ ಬಸ್ಸು ಬಂತು. ಕನ್ನಡಕವಿಲ್ಲದ ಆತನಿಗೆ ಬೋರ್ಡು ಕಾಣಲಿಲ್ಲ, ಕನ್ನಡಕ ಸಿಕ್ಕ ಭಾವನಿಗೆ ಬಸ್ಸೇ ಕಾಣಲಿಲ್ಲ. ಬಸ್ಸು ಹೋಯಿತು. ಬೈಯಲು ಬಾಯಿ ತೆರೆದವನ ಮೂಗಿನ ಮೇಲೆ ಕನ್ನಡಕ ಬಂದು ಕೂತಿತು. "ಅಯ್ಯೋ, ಹಾಕ್ಕೊಂಡಿದ್ದೇ ಗೊತ್ತಾಗ್ತಿಲ್ವಲ್ರೀ" ಎಂದ ಆತ. ಭಾವ ಆ ಒಂದು ಮಾತನ್ನು ಒಂದು ವಾರ ಉಂಡರು.

ಅಕ್ಕನಿಗೆ ಬಿಲ್ಲಿನ ಹುಚ್ಚು. ಗಾಲಿ, ಕೊಳವೆ, ಗುರಿ ನೋಡುವ ಸಲಕರಣೆ ಯಾವುದೂ ಇಲ್ಲದ ಸಾದಾ ಮರದ ಬಿಲ್ಲು. ಮರದ ಕಡ್ಡಿಗೆ ಹಕ್ಕಿಯ ಗರಿ ಅಂಟಿಸಿದ ಬಾಣ. ಹಳೆಯ ಗೋದಾಮಿನ ಬೆನ್ನಿಗೆ ಒಂದು ಉದ್ದನೆಯ ಬಯಲಿದೆ. ಅಲ್ಲಿ ಒತ್ತಾಗಿ ಕಟ್ಟಿದ ಹುಲ್ಲಿನ ದಿಂಡುಗಳ ಮೇಲೆ ಬಣ್ಣದ ವೃತ್ತ ಬಳಿದು, ಅದಕ್ಕೆ ಬಾಣ ಬಿಡುವ ಹೆಂಗಸರ ತಂಡವೊಂದಿದೆ. ಅಕ್ಕ ಮದುವೆಗೆ ಮುಂಚಿನಿಂದಲೂ ಆ ತಂಡದವಳು. ಯಾರದೋ ಕನ್ನಡಕ ತಲುಪಿಸಲು ಅಲ್ಲಿಗೆ ಬಂದ ಭಾವ ಅವಳ ಹಿಂದೆ ನಿಂತು ಸ್ವಲ್ಪ ಹೊತ್ತು ಚಡಪಡಿಸಿ, "ತಪ್ಪು ತಿಳ್ಕೋಬೇಡಿ, ನಿಮ್ಮ ಬಾಣ ಬಾಲ ಅಲ್ಲಾಡಿಸ್ತಿದೆ" ಅಂದರಂತೆ. ಅಕ್ಕನನ್ನು ನೋಡಲು ಬಂದವರೆಲ್ಲ ಅವಳ ಮೂಗು, ಜಡೆ, ಕೈಬರಹ ಹೊಗಳಿ ಹೋಗಿದ್ದರು. ಅವಳು ಒಪ್ಪಿದ್ದು ತಪ್ಪು ಹುಡುಕಿದವರನ್ನು.

ಬಾಣ ನೇರವಾಗಿ ಹೋಗುತ್ತದೆ ಎಂದು ನಿಮ್ಮ ಹಾಗೆ ನಾನೂ ನಂಬಿದ್ದವನೇ. ಹೋಗುವುದಿಲ್ಲವಂತೆ. ಹೆದೆ ಹಿಂದಿನಿಂದ ಗುದ್ದಿದ ಕೂಡಲೇ ಅದು ಮೀನಿನಂತೆ ಬಳುಕಿ, ಬಿಲ್ಲಿನ ಮೈ ಬಳಸಿಕೊಂಡು, ಆಮೇಲೆ ನೆಟ್ಟಗಾಗುತ್ತದೆ. ಬಳುಕು ಹದವಾಗಿರಬೇಕು. ಗಟ್ಟಿ ಕಡ್ಡಿ ಬಳುಕಲು ಒಲ್ಲದೆ ಎಡಕ್ಕೆ ಸಿಡಿಯುತ್ತದೆ. ಭಾವ ಅದನ್ನು ‘ಹಠಮಾರಿ’ ಎನ್ನುತ್ತಾರೆ. ಮೆತ್ತಗಿನದು ಬೇಕಾದ್ದಕ್ಕಿಂತ ಹೆಚ್ಚು ಬಳುಕಿ ಬಲಕ್ಕೆ ಜಾರುತ್ತದೆ. ಅದು ‘ಜೋಲು’. ಇದು ಕಡ್ಡಿಯೊಂದರದೇ ಗುಣವೂ ಅಲ್ಲ. ಪೂರ್ತಿ ಎಳೆದು ಬಿಡುವವರ ಕೈಯಲ್ಲಿ ಹದವಾಗಿರುವ ಬಾಣವೇ ಕಡಿಮೆ ಎಳೆಯುವವರ ಕೈಯಲ್ಲಿ ಹಠ ಹಿಡಿಯುತ್ತದೆ. ನಮ್ಮ ಮನೆಯಲ್ಲಿ ನೆಂಟರಿಷ್ಟರನ್ನೂ ಹಠಮಾರಿ, ಜೋಲು ಎಂದು ಎರಡೇ ಪಂಗಡ ಮಾಡಿದ್ದಾರೆ. ನನ್ನದು ಯಾವುದೆಂದು ಯಾರೂ ಕೇಳಿಲ್ಲ, ಕೇಳುವಂಥದ್ದೇನೂ ಇಲ್ಲ.

ಕಡ್ಡಿಯ ಗುಣ ತಿಳಿಯಲು ಗರಿ ಅಡ್ಡಿ. ಬಾಣ ಏನೇ ತಪ್ಪು ಮಾಡಿದರೂ ಗರಿ ಗಾಳಿಯಲ್ಲಿ ಅದರ ಬಾಲ ಹಿಡಿದು ತಿದ್ದಿ ಮಾನ ಉಳಿಸಿಬಿಡುತ್ತದೆ. ಅದಕ್ಕೇ ಪರೀಕ್ಷೆಗೆ ಗರಿಯಿಲ್ಲದ ಬೋಳು ಬಾಣ ಬೇಕು. ಮೊದಲು ಗರಿಯ ಬಾಣಗಳನ್ನು ಬಿಟ್ಟು, ಹಿಂದೆಯೇ ಅದೇ ಗುರಿಗೆ ಬೋಳನ್ನು ಬಿಡುವುದು. ಅದೂ ಅವುಗಳ ಮಗ್ಗುಲಲ್ಲೇ ನಾಟಿದರೆ ಕಡ್ಡಿ ಸರಿ. ಎಡಕ್ಕೆ ಹೋದರೆ ಹಠಮಾರಿ, ಬಲಕ್ಕೆ ಹೋದರೆ ಜೋಲು. "ಬೋಳ ಸುಳ್ಳು ಹೇಳಲ್ಲ" ಎಂಬುದು ಭಾವನ ಸಿದ್ಧಾಂತ. ನನ್ನ ತಲೆಯ ಮೇಲೆ ಈಗ ಕೂದಲು ಉಳಿದಿರುವುದು ಕಿವಿಗಳ ನೆರೆಹೊರೆಯಲ್ಲಿ ಮಾತ್ರ. ಹಾಗಾಗಿ ಅವರು ಬಯಲಿನ ಆ ತುದಿಯಿಂದ "ಬೋಳ ಎಲ್ಲಿ ಬಿದ್ದ?" ಎಂದು ಕೂಗಿದಾಗ ನಾನು ಎಷ್ಟೋ ಸಲ "ಬಿದ್ದಿಲ್ಲ ಭಾವ, ಇಲ್ಲೇ ಇದೀನಿ" ಎಂದಿದ್ದೇನೆ.

ಹೋದ ಚಳಿಗಾಲದಲ್ಲಿ ಅಕ್ಕ ಪರದೆ ಹಾಕಲು ಸ್ಟೂಲು ಹತ್ತಿ ಬಿದ್ದಳು. ಪೆಟ್ಟಾದದ್ದು ಬಲಭುಜಕ್ಕೆ, ಅಂದರೆ ಹೆದೆ ಎಳೆಯುವ ತೋಳಿಗೆ. ಚಳಿ ಕಳೆಯುವ ಹೊತ್ತಿಗೆ ತೋಳು ಬಾಚಣಿಗೆಯನ್ನೂ ಬಕೆಟ್ಟನ್ನೂ ಎತ್ತತೊಡಗಿತು. "ಪೂರ್ತಿ ವಾಸಿಯಾಯ್ತು" ಎಂದು ಅವಳು ಮನೆಗೆಲ್ಲ ಸಾರಿದಳು. ಖುಷಿಗೆ ಭಾವ ಹಳೆಯ ಅಳತೆಗೇ ಹೊಸ ಬಾಣಗಳನ್ನು ಮಾಡಿಕೊಟ್ಟರು.

ಆದರೆ ತಂಡದ ಹಿರಿಯಳ ಕಣ್ಣು ಅವಳ ಮೇಲೆ ಬಿದ್ದಿತ್ತು. ಕತ್ತಿನಲ್ಲಿ ಸದಾ ಸೀಟಿ ನೇತಾಡಿಸಿಕೊಂಡಿರುವ ಆಕೆಯನ್ನು ಎಲ್ಲರೂ ಸೀಟಿಯಮ್ಮ ಎನ್ನುತ್ತಾರೆ. ಬಾಣ ಬಿಡಲು, ನಿಲ್ಲಿಸಲು, ಬಾಣ ಕಿತ್ತು ತರಲು, ಟೀ ಬಂತೆಂದು ತಿಳಿಸಲು, ಎಲ್ಲಕ್ಕೂ ಆಕೆ ಊದುತ್ತಾಳೆ. ವರ್ಷಕ್ಕೊಮ್ಮೆ ತಂಡದ ಸಾಲಿನಲ್ಲಿ ಯಾರು ನಿಲ್ಲಬೇಕೆಂದು ಆರಿಸುವವಳೂ ಆಕೆಯೇ. ಆಕೆಯ ಕಾನೂನು ಸರಳ: ಒಬ್ಬೊಬ್ಬರಿಗೆ ಆರು ಬಾಣ, ಅದರಲ್ಲಿ ಎರಡು ಒಳವೃತ್ತದ ಆಚೆ ಬಿದ್ದರೆ ಸಾಲಿನಿಂದ ಆಚೆ. ಆಚೆ ಎಂದರೆ ಮನೆಗಲ್ಲ, ಅಂಕ ಬರೆಯುವ ಕುರ್ಚಿಗೆ. ಬಯಲಿನ ಮೂಲೆಯಲ್ಲಿ ಛತ್ರಿಯ ಕೆಳಗೆ ಒಂದು ಹಸಿರು ಪ್ಲಾಸ್ಟಿಕ್ ಕುರ್ಚಿಯಿದೆ. ಒಮ್ಮೆ ಅದರಲ್ಲಿ ಕೂತವರು ಮತ್ತೆ ಬಿಲ್ಲು ಹಿಡಿದದ್ದನ್ನು ಯಾರೂ ಕಂಡಿಲ್ಲ. ಅಕ್ಕ ಆ ಕುರ್ಚಿಯ ಹತ್ತಿರ ತನ್ನ ನೀರಿನ ಬಾಟಲಿಯನ್ನೂ ಇಡುವುದಿಲ್ಲ.

"ಇನ್ನೊಂದೇ ವರ್ಷ ಕಣೋ ಪುಟ್ಟ. ಆಮೇಲೆ ಬೇಕಾದ್ರೆ ನಾನೇ ಹೋಗಿ ಕೂತ್ಕೋತೀನಿ" ಎಂದಳು ನನಗೆ. ಪುಟ್ಟ ಎಂದರೆ ನಾನು. ಸಕ್ಕರೆ, ರಕ್ತದೊತ್ತಡ, ಬೋಳುತಲೆ ಎಲ್ಲ ಬಂದರೂ ಆ ಹೆಸರು ಹೋಗಿಲ್ಲ. ಕಳೆದ ವರ್ಷವೂ ಅವಳು ಅದೇ ‘ಇನ್ನೊಂದೇ ವರ್ಷ’ ಎಂದಿದ್ದಳೆಂದು ನಾನು ನೆನಪಿಸಲಿಲ್ಲ.

ಆಯ್ಕೆಯ ಭಾನುವಾರಕ್ಕೆ ಇನ್ನೂ ದಿನಗಳಿದ್ದಾಗ ಪರೀಕ್ಷೆ ಶುರುವಾಯಿತು. ಭಾವ ಎಂದೂ ಅಕ್ಕನ ಹತ್ತಿರ ನಿಲ್ಲುವವರಲ್ಲ. "ಬಾಣ ಹೇಗೆ ಹೊರಟಿತು ಅನ್ನೋದು ಬಿಟ್ಟೋರಿಗೆ ಗೊತ್ತಿರುತ್ತೆ. ಹೇಗೆ ಬಂತು ಅಂತ ಕೇಳೋರು ಬೇಕು" ಎಂದು ಆ ತುದಿಗೆ ಹೋಗಿ, ಗುರಿಯ ಪಕ್ಕದ ದಪ್ಪ ಹಲಗೆಯ ಹಿಂದೆ ಕಿವಿ ಕೊಟ್ಟು ನಿಲ್ಲುತ್ತಾರೆ. ಅಲ್ಲಿಗೆ ಸದ್ದು ಕೇಳುತ್ತದೆ, ಇಣುಕದೆ ಗುರಿ ಕಾಣುವುದಿಲ್ಲ. ಹದವಾದ ಬಾಣ ಹುಲ್ಲಿಗೆ ‘ಟಪ್’ ಎಂದು ಒಂದೇ ಮಾತಾಡುತ್ತದಂತೆ. ಬಾಲ ಅಲ್ಲಾಡಿಸುವ ಬಾಣ ‘ಟಪ-ರ್’ ಎಂದು ಮಾತಿಗೆ ಬಾಲ ಸೇರಿಸುತ್ತದಂತೆ. ಅಕ್ಕನ ಹಿಂದೆ ಬಾಣ ಹಿಡಿದು ನಿಲ್ಲುವ ಕೆಲಸ ನನ್ನದು. ಅದಕ್ಕೆ ವಿಶೇಷ ಯೋಗ್ಯತೆ ಬೇಡ. ನಾನಿಲ್ಲದ ದಿನ ಆ ಕೆಲಸವನ್ನು ಬಕೆಟ್ಟು ಮಾಡುತ್ತದೆ.

ಅಕ್ಕ ಗರಿಯ ಬಾಣ ಬಿಟ್ಟಳು. ಬೋಳು ಬಾಣ ಬಿಟ್ಟಳು. ಎಲ್ಲ ಅಕ್ಕಪಕ್ಕ.

"ಬೋಳ ಎಲ್ಲಿ?" ಎಂದಳು ಅಕ್ಕ.

"ಪಕ್ಕದಲ್ಲೇ ಇದಾನೆ!" ಆ ತುದಿಯಲ್ಲಿ ಹಲಗೆಯಾಚೆ ಇಣುಕಿ ಭಾವ. ಮಾತಿನಲ್ಲಿ ಸಂತೋಷವಿರಲಿಲ್ಲ. "ಇನ್ನೊಂದ್ಸಲ ಬಿಡು!"

ಮತ್ತೆ ಬಿಟ್ಟಳು, ಮತ್ತೆ ಪಕ್ಕದಲ್ಲೇ. ಭಾವ ಹಲಗೆಯ ಹಿಂದಿನಿಂದ ಬಂದು, ಬಾಣಗಳ ಬಾಲ ಮುಟ್ಟಿ, ಒಂದನ್ನು ಕಿತ್ತು, ಮತ್ತೆ ಸಿಕ್ಕಿಸಿ, ತಲೆ ಕೆರೆದುಕೊಂಡರು. ಬೋಳ ಸರಿ ಎನ್ನುತ್ತಾನೆ, ಕಿವಿ ‘ಟಪ-ರ್’ ಎನ್ನುತ್ತದೆ. ಯಾರನ್ನು ನಂಬುವುದು? ಅಂದಿನಿಂದ ಆ ಮನೆಯಲ್ಲಿ ಒಬ್ಬರಿಗೂ ನೆಮ್ಮದಿಯಿಲ್ಲ. ಅವರು ಗರಿ ಕಿತ್ತು ಬೇರೆ ಅಂಟಿಸಿದರು. ಗರಿಯ ಎತ್ತರ ಕತ್ತರಿಸಿದರು. ಹೆದೆಗೆ ನಾಲ್ಕು ಸುತ್ತು ಹಾಕಿ ಬಿಗಿ ಮಾಡಿದರು, ಆರು ಸುತ್ತು ಬಿಚ್ಚಿ ಸಡಿಲ ಮಾಡಿದರು. ಬಾಣ ಹೆದೆಗೆ ಕೂರುವ ಕಚ್ಚನ್ನು ಅರದಿಂದ ಉಜ್ಜಿದರು. ಬೆಳಿಗ್ಗೆ ಹಲ್ಲುಜ್ಜುತ್ತಾ ಬ್ರಷ್ಷನ್ನು ಬಾಯಲ್ಲೇ ಕಚ್ಚಿಕೊಂಡು ಒಂದು ಗರಿಯನ್ನು ದೀಪಕ್ಕೆ ಹಿಡಿದು ನೋಡುವುದು, ಊಟದ ನಡುವೆ ಎದ್ದು ಹೋಗಿ ಬಾಣ ಉರುಳಿಸಿ ಬರುವುದು. ಅವರ ಮೊಣಕಾಲು ಮೇಜಿನ ಕೆಳಗೆ ಕುಣಿದು ಲೋಟದ ನೀರಿನಲ್ಲಿ ಅಲೆ ಎಬ್ಬಿಸುತ್ತಿತ್ತು. ಅಂಗಡಿಯಲ್ಲೂ ಅದೇ ಗತಿ. ಬರೀ ಗಾಜು ಒರೆಸಿಕೊಳ್ಳಲು ಬಂದ ಮುದುಕಿಯೊಬ್ಬಳ ಫ್ರೇಮನ್ನು ಎಷ್ಟು ಸಲ ತಿದ್ದಿದರೆಂದರೆ, ಆಕೆ "ಬಿಡಪ್ಪಾ, ನನ್ನ ಮೂಗೇ ಸೊಟ್ಟ" ಎಂದು ತಾನೇ ತಪ್ಪೊಪ್ಪಿಕೊಂಡು ಎದ್ದು ಹೋದಳಂತೆ.

ಒಂದು ಸಂಜೆ ಬಯಲಿನಲ್ಲಿ ನಾನು ಆಕಳಿಸುತ್ತಾ ಕತ್ತು ವಾಲಿಸಿದಾಗ, ಎಂದೂ ನೋಡದ ಕಡೆಯಿಂದ ಅಕ್ಕನನ್ನು ನೋಡಿದೆ. ಗರಿಯ ಬಾಣ ಬಿಡುವಾಗ ಮೊನೆ ಗುರಿಯ ನಡುವನ್ನು ನೋಡುತ್ತಿತ್ತು. ಬೋಳು ಬಾಣ ಹೂಡಿದಾಗ ಮೊನೆ ಒಂದಿಷ್ಟು ಬಲಕ್ಕೆ ಸರಿದು, ಗುರಿಯಾಚೆಯ ಗೋಡೆಯ ಬಿರುಕನ್ನು ನೋಡುತ್ತಿತ್ತು. ಬಿಟ್ಟಳು. ಬೋಳು ಬಾಣ ಎಡಕ್ಕೆ ಸಿಡಿದು ಸರಿಯಾಗಿ ಗರಿಯವುಗಳ ಪಕ್ಕಕ್ಕೆ ಬಂದು ಕೂತಿತು. ಅಷ್ಟೇ ಅಲ್ಲ. ಮೊದಲೆಲ್ಲ ಹೆದೆ ಎಳೆದರೆ ಅವಳ ಕೈ ಕೆನ್ನೆಯ ಮೂಳೆ ಮುಟ್ಟಿ ನಿಲ್ಲುತ್ತಿತ್ತು. ಈಗ ಕೆನ್ನೆಗೆ ಬರುವ ಮೊದಲೇ ನಿಂತುಬಿಡುತ್ತಿತ್ತು.

"ಅಕ್ಕ" ಎಂದೆ ಮೆಲ್ಲಗೆ, "ನೀನು ಬೋಳನಿಗೆ ಲಂಚ ಕೊಡ್ತಿದ್ದೀಯ."

ಅವಳು ತಿರುಗಲಿಲ್ಲ. "ಬಾಯಿ ಮುಚ್ಚು."

"ಭುಜ ವಾಸಿಯಾಗಿಲ್ಲ."

"ಆಗಿದೆ. ಕೊನೇ ಎರಡು ಬೆರಳಷ್ಟು ಬರಲ್ಲ, ಅಷ್ಟೇ. ಪೂರ್ತಿ ಎಳೆದ್ರೆ ಭುಜದೊಳಗೆ ಸೂಜಿ ಚುಚ್ಚಿದ ಹಾಗಾಗುತ್ತೆ."

"ಹಾಗಾದ್ರೆ ಭಾವನಿಗೆ ಹೇಳು. ಅವರು ಪಾಪ ಗರಿ ಜೊತೆ ಗುದ್ದಾಡ್ತಿದಾರೆ. ತಪ್ಪು ಗರಿಯಲ್ಲಿಲ್ಲ, ಬಾಣದಲ್ಲಿಲ್ಲ—"

"ನನ್ನಲ್ಲಿದೆ. ಅಂತ ಹೇಳ್ಬೇಕಾ? ಲೋ, ಆ ಚಪ್ಪಲಿ ಮರೆತುಬಿಟ್ಯಾ?"

ಮರೆತಿರಲಿಲ್ಲ. ಒಮ್ಮೆ ಅಕ್ಕ ಮಂಡಿನೋವು ಎಂದದ್ದಕ್ಕೆ ಭಾವ ಅವಳ ನಡಿಗೆಯನ್ನು ಹಿಂದಿನಿಂದ, ಮುಂದಿನಿಂದ, ನೆಲಕ್ಕೆ ಕೆನ್ನೆಯಿಟ್ಟು ನೋಡಿ, ಎಡ ಚಪ್ಪಲಿಯ ಹಿಮ್ಮಡಿಯನ್ನು ಅರದಿಂದ ಉಜ್ಜಿದರು. ಮಂಡಿ ವಾಸಿಯಾಯಿತು, ಸೊಂಟ ಹಿಡಿಯಿತು. ಆಮೇಲೆ ಬಲ ಚಪ್ಪಲಿ. ಆಮೇಲೆ ಮಂಚದ ಕಾಲು. ಆಮೇಲೆ ದಿಂಬು. ಕೊನೆಗೆ ಅಕ್ಕ ಬರಿಗಾಲಲ್ಲಿ ನೆಲದ ಮೇಲೆ ಮಲಗಿ ಬಚಾವಾದಳು.

"ಬಾಣ ಸರಿ ಮಾಡ್ತಾ ಇರೋ ತನಕ ನಾನು ಬಚಾವು" ಎಂದಳು. "ಭುಜ ಗೊತ್ತಾದ್ರೆ ನನ್ನನ್ನೇ ಸರಿ ಮಾಡೋಕೆ ಶುರು ಹಚ್ಕೋತಾರೆ. ಭಾನುವಾರ ಸಾಲಲ್ಲಿ ನಿಲ್ಲೋದಿರ್ಲಿ, ಹಾಸಿಗೆಯಿಂದ ಏಳೋಕೆ ಬಿಡಲ್ಲ. ನೀನೇನಾದ್ರೂ ಬಾಯಿ ಬಿಟ್ಟೆ ಅಂದ್ರೆ ನೋಡು, ನಿನ್ನ ಬಾಡಿಗೆ ಏರಿಸ್ತೀನಿ."

ಆ ತುದಿಯ ಹಲಗೆಯ ಹಿಂದಿನಿಂದ ಕೂಗು ಬಂತು: "ಬೋಳ ಎಲ್ಲಿ ಬಿದ್ದ?"

"ಅಡಕತ್ತರಿಯಲ್ಲಿ" ಎಂದುಕೊಂಡೆ. "ಪಕ್ಕದಲ್ಲೇ ಭಾವ!" ಎಂದು ಕೂಗಿದೆ. ಹೀಗೆ ಬಯಲಿನಲ್ಲಿದ್ದ ಎರಡೂ ಬೋಳುಗಳು ಸುಳ್ಳು ಸಾಕ್ಷಿ ನುಡಿದವು.

ಗುಟ್ಟು ಇಟ್ಟುಕೊಳ್ಳುವುದು ನನ್ನಂಥವನಿಗೆ ಹೊಂದುವ ಕೆಲಸವಲ್ಲ. ಮೆಟ್ಟಿಲಲ್ಲಿ ಭಾವನ ಸದ್ದು ಕೇಳಿದರೆ ಬಚ್ಚಲಿಗೆ ಹೋಗಿ ನಲ್ಲಿ ಬಿಡುತ್ತಿದ್ದೆ. ಪತ್ರಿಕೆಗೆ ನಾನು ಬರೆಯುವ ವಾರದ ಅಂಕಣಕ್ಕೆ ಕೂತರೆ ಹಾಸ್ಯ ಹೊರಡುತ್ತಿರಲಿಲ್ಲ. ಅದು ಮೊದಲೂ ಹೊರಡುತ್ತಿರಲಿಲ್ಲ ಎನ್ನುವವರಿದ್ದಾರೆ, ಇರಲಿ. ಕೆಳಗಿನಿಂದ ಅರ ಉಜ್ಜುವ ಸದ್ದು, ಕುರ್ಚಿ ಎಳೆಯುವ ಸದ್ದು, "ಊಟಕ್ಕೆ ಬರ್ತೀರೋ ಇಲ್ವೋ" ಎಂಬ ಅಕ್ಕನ ಕೂಗು, ಮತ್ತೆ ಅರದ ಸದ್ದು.

ಭಾನುವಾರ ಹತ್ತಿರವಾದಾಗ ಒಂದು ಮಧ್ಯಾಹ್ನ ಭಾವ ಅಂಗಡಿಗೆ ರಜೆ ಹಾಕಿ ನೇರ ನನ್ನ ಕೋಣೆಗೆ ಬಂದರು. ನಲ್ಲಿ ಬಿಡಲು ಪುರುಸೊತ್ತಾಗಲಿಲ್ಲ.

"ಏನಯ್ಯಾ ಸಾಹಿತಿ, ಒಂದು ಪೇಪರ್ ಕೊಡು."

"ಓದೋಕಾ ಭಾವ?"

"ಛೆ ಛೆ. ತೂತು ಮಾಡೋಕೆ." ಮೇಜಿನ ಮೇಲಿದ್ದ ಪತ್ರಿಕೆಗಳನ್ನು ಬೆರಳಲ್ಲಿ ಉಜ್ಜಿ ನೋಡಿ, ನನ್ನ ಅಂಕಣವಿದ್ದ ಪುಟವನ್ನೇ ಎಳೆದುಕೊಂಡರು. "ಇದೇ ಆಗಬಹುದು. ಇದರಲ್ಲಿ ಅಂಥಾ ಭಾರ ಏನೂ ಇಲ್ಲ."

ಹಿತ್ತಲಿನ ಉದ್ದನೆಯ ಓಣಿಯ ಕೊನೆಗೆ ಹುಲ್ಲಿನ ದಿಂಡು ನಿಲ್ಲಿಸಿದ್ದರು. ಅದರ ಮುಂದೆ, ಗಾಜು ಒಡೆದ ಹಳೆಯ ಕಿಟಕಿಯ ಚೌಕಟ್ಟು. ಅದಕ್ಕೆ ನನ್ನ ಅಂಕಣವನ್ನು ಬಿಗಿಯಾಗಿ ಅಂಟಿಸಿದರು. ಬಾಣ ಕಾಗದ ತೂರಿ ಹೋಗುವಾಗ ಮೊನೆ ಒಂದು ತೂತು ಮಾಡುತ್ತದೆ, ಬಾಲ ಹಿಂದೆಯೇ ಬಂದು ಅದನ್ನು ಸೀಳುತ್ತದೆ. ನೆಟ್ಟಗೆ ಹೋಗುವ ಬಾಣದ್ದು ಬರೀ ತೂತು. ಬಾಲ ಅಲ್ಲಾಡಿಸುವುದರದ್ದು ಉದ್ದನೆಯ ಸೀಳು. ಗುರಿ ತಪ್ಪಿಸಿ ಬೋಳನನ್ನು ವಂಚಿಸಬಹುದು. ಕಾಗದಕ್ಕೆ ಗುರಿಯೇ ಇಲ್ಲ, ಎಲ್ಲಿಗೆ ಬಿಟ್ಟರೂ ಸೀಳು ಸೀಳೇ.

ಅಕ್ಕನಿಗೂ ಅದು ಗೊತ್ತು. "ಒಲೆ ಮೇಲೆ ಹಾಲಿಟ್ಟಿದೀನಿ ರೀ" ಎಂದಳು.

"ಆರಿಸಿ ಬಂದೆ."

"ಪಕ್ಕದ ಮನೆಯವರು ಹೆದರ್ಕೋತಾರೆ."

"ಅವರಿಗೂ ಹೇಳಿ ಬಂದೆ. ಕನ್ನಡಕಕ್ಕೆ ಮೂಗಿನ ಮೆತ್ತೆನೂ ಹಾಕ್ಕೊಟ್ಟೆ. ಎಳಿ."

ಬೇರೆ ದಾರಿಯಿಲ್ಲದೆ ಅಕ್ಕ ಎಳೆದಳು. ಭಾವ ಎಂದಿನಂತೆ ಓಣಿಯ ಆ ತುದಿಯಲ್ಲಿ, ಚಾಚಿದ ಗೋಡೆಯ ಮರೆಯಲ್ಲಿ ನಿಂತಿದ್ದರು. ಅಂಕಣದ ಮೂಲೆಯಲ್ಲಿ ಅಚ್ಚಾಗಿದ್ದ ನನ್ನ ಭಾವಚಿತ್ರದ ಮೂಗಿಗೆ ಹೊಕ್ಕ ಬೋಳು ಬಾಣ ಬಲಗಡೆಯ ಕಿವಿಯವರೆಗೆ ಸೀಳಿಕೊಂಡು ಹೋಯಿತು. ನನ್ನ ಬರಹದಲ್ಲಿ ಮೊನಚಿಲ್ಲ ಎನ್ನುವ ವಿಮರ್ಶಕರು ಆಗ ಅಲ್ಲಿರಬೇಕಿತ್ತು. ಇನ್ನೊಂದು ಬಾಣ ಎರಡನೆಯ ಪ್ಯಾರಾ ಹರಿಯಿತು, ಮತ್ತೊಂದು ಮುಕ್ತಾಯವನ್ನು. ಪ್ರತಿ ಸೀಳೂ ಬಲಕ್ಕೇ.

ಭಾವ ಕಾಗದದ ಮುಂದೆ ನಿಂತರು. "ಹಠಮಾರಿ" ಎಂದರು. "ಬಾಲ ಬಲಕ್ಕೆ ಸೀಳಿದ್ರೆ ಮೊನೆ ಎಡಕ್ಕೆ ತಿರುಗಿದೆ ಅಂತ. ಎಡಕ್ಕೆ ಹೋಗ್ಬೇಕಾದ ಬಾಣ. ಇಷ್ಟು ದಿನ ಪಕ್ಕದಲ್ಲೇ ಹೇಗೆ ಬಿತ್ತು?"

ನಾನು ಆಕಾಶ ನೋಡಿದೆ. ಅಕ್ಕ ಬಿಲ್ಲಿನ ಹೆದೆಯಲ್ಲಿ ಇಲ್ಲದ ಎಳೆ ಹುಡುಕಿದಳು. ಭಾವ ಹುಲ್ಲಿನಿಂದ ಬಾಣ ಕಿತ್ತು, ಅಂಗಡಿಯ ಭೂತಗನ್ನಡಿಯನ್ನು ಕಣ್ಣಿಗೆ ಸಿಕ್ಕಿಸಿಕೊಂಡು ಕಡ್ಡಿಯ ಮೈಯನ್ನು ಮೊನೆಯ ಕಡೆಯಿಂದ ನೋಡುತ್ತಾ ಬಂದರು. ಒಂದು ಕಡೆ ನಿಂತರು. ಮೊನೆಯ ಬುಡದಿಂದ ಅಲ್ಲಿಗೆ ಎರಡು ಬೆರಳು ಅಡ್ಡ ಇಟ್ಟರು. ಆ ಹೊತ್ತು ಅವರ ಕಾಲು, ಬೆರಳು, ರೆಪ್ಪೆ ಯಾವುದೂ ಅಲುಗಲಿಲ್ಲ. ಮನುಷ್ಯ ಸುಮ್ಮನಿದ್ದದ್ದನ್ನು ನಾನು ನೋಡಿದ್ದು ಅದೊಂದೇ ಸಲ. ನನಗೆ ಭಯವಾಯಿತು.

"ಕಡ್ಡಿದೇ ತಪ್ಪು" ಎಂದರು ಕೊನೆಗೆ. "ಈ ಸಲದ ಮರ ಗಟ್ಟಿ. ತಿಕ್ಕಿದ್ರೆ ಸರಿ ಹೋಗುತ್ತೆ."

ಅಕ್ಕ ಬಿಟ್ಟ ಉಸಿರಿಗೆ ಚೌಕಟ್ಟಿನ ಹರಿದ ಕಾಗದ ಅಲುಗಿತು. ಬಚಾವಾದೆವು ಎಂದು ನನ್ನನ್ನು ನೋಡಿ ಹುಬ್ಬು ಹಾರಿಸಿದಳು.

ಆಮೇಲೆ ಉಜ್ಜುಕಾಗದದ ಕೆಲಸ. ಕಡ್ಡಿಯನ್ನು ಉಜ್ಜಿ ಕೂದಲೆಳೆಯಷ್ಟು ದಪ್ಪ ಕಡಿಮೆ ಮಾಡಿದರೆ ಅದರ ಹಠ ಇಳಿಯುತ್ತದೆ. ಆದರೆ ಹೆಚ್ಚು ತಿಕ್ಕಿದರೆ ಮತ್ತೆ ಗಟ್ಟಿ ಮಾಡಲಾಗುವುದಿಲ್ಲ. ಭಾವ ತಿಕ್ಕುವುದು, ಎರಡು ತುದಿ ಹಿಡಿದು ಬಗ್ಗಿಸಿ ನೋಡುವುದು, ಮತ್ತೆ ತಿಕ್ಕುವುದು. ಹಿತ್ತಲಿನ ತಂತಿಯಲ್ಲಿ ಒಣಗಿದ ನನ್ನ ಅಂಗಿಗಳ ಮೇಲೆಲ್ಲ ಮರದ ಪುಡಿ. ಎಲ್ಲ ಮುಗಿದಾಗ ಅಕ್ಕ, "ಬೋಳು ಬಾಣ ಬಿಟ್ಟು ನೋಡೋಣ್ವಾ?" ಎಂದಳು ಸಾಧುವಿನಂತೆ.

"ಬೇಡ. ಅವನ ಸಾಕ್ಷಿ ಸಾಕು."

ಪರೀಕ್ಷೆ ಬೇಡ ಎಂಬ ಮಾತು ಆ ಬಾಯಿಂದ! ಅಕ್ಕನೂ ನಾನೂ ಮುಖ ನೋಡಿಕೊಂಡೆವು. ಬಾಣಗಳನ್ನು ಬಟ್ಟೆಯಲ್ಲಿ ಸುತ್ತಿ ಬೀರುವಿನ ಮೇಲಿಟ್ಟ ಭಾವ, ಭಾನುವಾರದವರೆಗೆ ಅವಳ ಕೈಗೆ ಕೊಡಲಿಲ್ಲ.

ಭಾನುವಾರ ಬೆಳಿಗ್ಗೆ ಬಯಲಿನಲ್ಲಿ ಗಾಳಿಯಿರಲಿಲ್ಲ. ಹಸಿರು ಕುರ್ಚಿ ಛತ್ರಿಯ ಕೆಳಗೆ ಖಾಲಿಯಾಗಿ ಕಾಯುತ್ತಿತ್ತು. ಆಯ್ಕೆಯ ದಿನ ಗುರಿಯ ಹತ್ತಿರ ಯಾರನ್ನೂ ಬಿಡುವುದಿಲ್ಲ, ಬಾಯಿ ತೆರೆದರೂ ಸೀಟಿ. ಹಾಗಾಗಿ ಭಾವ ಮೊದಲ ಬಾರಿಗೆ ನನ್ನ ಪಕ್ಕದಲ್ಲಿ, ಹಗ್ಗದ ಹಿಂದೆ ನಿಲ್ಲಬೇಕಾಯಿತು. ಅವರ ಚಡಪಡಿಕೆಗೆ ಹಗ್ಗವೆಲ್ಲ ನಡುಗಿ, ಆ ತುದಿಯ ಗೂಟದ ಹತ್ತಿರ ನಿಂತವರು ತಿರುಗಿ ನೋಡಿದರು.

ಸಾಲಿಗೆ ಹೋಗುವ ಮುನ್ನ ಅಕ್ಕ ನೀರು ಕುಡಿಯುವ ನೆಪದಲ್ಲಿ ನನ್ನ ಕಿವಿಯ ಹತ್ತಿರ ಬಂದಳು. "ಪಾಪ, ಬಾಣಕ್ಕೋಸ್ಕರ ನಿದ್ದೆಗೆಟ್ಟಿದಾರೆ. ಇವತ್ತೊಂದಿನ ನೋವಾದ್ರೂ ಪರವಾಗಿಲ್ಲ, ಪೂರ್ತಿ ಎಳೀತೀನಿ. ಅವರ ಬಾಣಕ್ಕೆ ಮೋಸ ಮಾಡಲ್ಲ." ನನಗೂ ಅದು ನ್ಯಾಯವಾಗಿಯೇ ಕಂಡಿತು. ತಲೆಯಾಡಿಸಿದೆ. ನಾನು ತಲೆಯಾಡಿಸಿದ ವಿಷಯಗಳು ಹೇಗೆ ಮುಗಿದಿವೆ ಎಂಬುದನ್ನು ಅವಳು ಯೋಚಿಸಬೇಕಿತ್ತು.

ಸೀಟಿ ಕೂಗಿತು. ಅಕ್ಕ ಬಾಣ ಹೂಡಿದಳು, ಎಳೆದಳು, ಇ‌ನ್ನೂ ಎಳೆದಳು. ಭುಜ ನಡುಗಿತು, ತುಟಿ ಕಚ್ಚಿಕೊಂಡಳು, ಕೈ ಕೆನ್ನೆಯ ಮೂಳೆ ಮುಟ್ಟಿತು. ಪಕ್ಕದಲ್ಲಿ ಭಾವ "ಅಯ್ಯೋ" ಎಂದದ್ದು ನನಗೆ ಮಾತ್ರ ಕೇಳಿಸಿತು. ಬಾಣ ಹೊರಟಿತು. ಬಲಕ್ಕೆ ಜಾರುತ್ತಾ ಜಾರುತ್ತಾ ಹೋಗಿ ದಿಂಡಿನ ಹೊರ ಅಂಚಿನಲ್ಲಿ ನೇತಾಡಿತು. ಪಕ್ಕಾ ಜೋಲು.

ಸೀಟಿಯಮ್ಮನ ಪೆನ್ಸಿಲ್ ಕಾಗದದ ಮೇಲೆ ಒಂದು ಗೀಟು ಎಳೆಯಿತು. ಇನ್ನೊಂದು ಆಚೆ ಬಿದ್ದರೆ ಕುರ್ಚಿ.

ಅಕ್ಕ ಹಿಂತಿರುಗಿ ನೋಡಿದಳು. ಏನಾಯಿತೆಂದು ಅವಳಿಗೆ ತಿಳಿದಿರಲಿಲ್ಲ. ಅವಳ ಕಣ್ಣು ಭಾವನನ್ನು ಹುಡುಕಿತು. ಬಾಯಿ ತೆರೆದರೆ ಸೀಟಿ. ಭಾವ ಬಾಯಿ ತೆರೆಯಲಿಲ್ಲ. ಬಲಗೈ ಎತ್ತಿ, ಎರಡು ಬೆರಳು ಜೋಡಿಸಿ, ತಮ್ಮ ಕೆನ್ನೆಯ ಮುಂದೆ ಅಡ್ಡ ಹಿಡಿದು ತೋರಿಸಿದರು. ಇಷ್ಟು ಕಡಿಮೆ. ಇಷ್ಟೇ ಸಾಕು.

ಹಿತ್ತಲಿನಲ್ಲಿ ಕಡ್ಡಿಯ ಮೇಲೆ ಇಟ್ಟದ್ದೂ ಅದೇ ಎರಡು ಬೆರಳು. ಆಗ ನನಗೆ ಹೊಳೆಯಿತು. ಮನುಷ್ಯನಿಗೆ ಅಂದೇ ಗೊತ್ತಾಗಿದೆ. ಬಾಣಗಳನ್ನು ಉಜ್ಜಿದ್ದು ಅವಳ ಹಳೆಯ ಎಳೆತಕ್ಕಲ್ಲ, ಈಗಿನ ಮುರುಕು ಎಳೆತಕ್ಕೆ. ಅವಳು ಅವರಿಗೋಸ್ಕರ ಪೂರ್ತಿ ಎಳೆದಳು, ಅವರು ಅವಳಿಗೋಸ್ಕರ ಕಡಿಮೆಗೆ ಹದ ಮಾಡಿದ್ದರು. ಒಂದು ಮಾತು ಆಡಿಕೊಂಡಿದ್ದರೆ ಒಂದು ಬಾಣ ಉಳಿಯುತ್ತಿತ್ತು.

ಅಕ್ಕನ ಮುಖ ಕೆಂಪಾಯಿತು. ಡಬ್ಬಿಗೆ ಕೈ ಹಾಕಿ ಸಿಕ್ಕಿಬಿದ್ದ ಹುಡುಗಿಯ ಮುಖ. ಆಮೇಲೆ ತಿರುಗಿ ಎರಡನೆಯ ಬಾಣ ಹೂಡಿದಳು. ಈ ಸಲ ಯಾರಿಂದಲೂ ಮುಚ್ಚಿಡದೆ, ಎಲ್ಲರೂ ನೋಡುತ್ತಿರುವಂತೆ, ಕೆನ್ನೆಗೆ ಎರಡು ಬೆರಳು ಮುಂಚೆಯೇ ಕೈ ನಿಲ್ಲಿಸಿದಳು. ಬಿಟ್ಟಳು.

ಟಪ್.

ಅಷ್ಟು ದೂರದಿಂದ ನನಗೂ ಕೇಳಿಸಿತು. ಭಾವ ಕಣ್ಣು ಮುಚ್ಚಿಕೊಂಡಿದ್ದರು. ಮತ್ತೊಂದು: ಟಪ್. ಮೊಣಕಾಲು ಕುಣಿಯುವುದು ನಿಂತಿತು. ಉಳಿದವೂ ಹಾಗೇ, ಬಾಲವಿಲ್ಲದ ಮಾತು. ಕೊನೆಯದು ಗೆರೆಗೆ ತಾಗಿಕೊಂಡಿತು. ಸೀಟಿಯಮ್ಮ ಗುರಿಯವರೆಗೆ ನಡೆದು, ಬಗ್ಗಿ, ಕನ್ನಡಕ ಮೇಲೆ ಕೆಳಗೆ ಮಾಡಿ ನೋಡಿದಳು. ಭಾವ ಹಗ್ಗ ಹಿಂಡುತ್ತಾ, "ಆ ಫ್ರೇಮ್ ಸಡಿಲ ಆಗಿದೆ, ಅದಕ್ಕೇ ಕಾಣ್ತಿಲ್ಲ" ಎಂದು ಗೊಣಗಿದರು.

"ಒಳಗೆ" ಎಂದಳು ಸೀಟಿಯಮ್ಮ. ವಾಪಸು ಬಂದು ಅಕ್ಕನ ಮುಂದೆ ನಿಂತಳು. "ಎಳೆತ ಯಾಕೆ ಚಿಕ್ಕದಾಗಿದೆ?"

"ಭುಜ ಅಷ್ಟೇ ಬರೋದು."

"ಮೊದಲನೇದು?"

"ಅದು ಕೊಬ್ಬು."

ಸೀಟಿಯಮ್ಮ ನಗಲಿಲ್ಲ. ಆಕೆ ನಗುವುದಿದ್ದರೂ ಊದಿಯೇ ನಗಬೇಕು. "ಸಾಲಿನ ಕೊನೇಲಿ ನಿಲ್ಲು" ಎಂದು ಪೆನ್ಸಿಲ್‌ನಲ್ಲಿ ಗುರುತು ಹಾಕಿ ಮುಂದೆ ಹೋದಳು. ಹಸಿರು ಕುರ್ಚಿ ಖಾಲಿಯಾಗಿಯೇ ಉಳಿಯಿತು.

ಮನೆಗೆ ನಡೆದು ಹೊರಟಾಗ ಅಕ್ಕ ನಡುವೆ, ನಾವಿಬ್ಬರು ಆಚೆ ಈಚೆ.

"ಹೇಗೆ ಗೊತ್ತಾಯ್ತು?" ಎಂದಳು ಅಕ್ಕ.

"ಬಾಣ ಬಿಲ್ಲಿಗೆ ಉಜ್ಜಿದ ಗುರುತು ಕಡ್ಡಿ ಮೇಲೆ ಇರುತ್ತಲ್ಲ. ನೀನು ಪೂರ್ತಿ ಎಳೀತಿದ್ದಾಗ ಅದು ಮೊನೆ ಬುಡದ ತನಕ ಬರ್ತಿತ್ತು. ಹೊಸ ಬಾಣಗಳಲ್ಲಿ ಎರಡು ಬೆರಳು ಹಿಂದೇನೇ ನಿಂತಿದೆ."

"ಹೇಳ್ಬಾರ್ದಿತ್ತಾ?"

"ನೀನು ಹೇಳ್ಬಾರ್ದಿತ್ತಾ?"

"ಹೇಳಿದ್ರೆ ಆ ಚಪ್ಪಲಿ ಥರ ನನ್ನನ್ನೂ ಉಜ್ಜಿಬಿಡ್ತಿದ್ರಿ."

"ಅದು ನಂಗೂ ಗೊತ್ತು" ಎಂದರು ಭಾವ. "ಅದಕ್ಕೇ ಕಡ್ಡಿ ಉಜ್ಜಿದೆ."

ಅಕ್ಕ ಬಿಲ್ಲನ್ನು ಬಲಗೈಯಿಂದ ಎಡಗೈಗೆ ಬದಲಾಯಿಸಿಕೊಂಡಳು. ಇಷ್ಟು ದಿನ ನೋವು ಕಾಣಬಾರದೆಂದು ಬಲಗೈಯಲ್ಲೇ ಹಿಡಿದು ನಡೆಯುತ್ತಿದ್ದವಳು. ಭಾವ ಅದನ್ನು ನೋಡಿದರು. ಅವರ ಕೈ ತಾನಾಗಿ ಅವಳ ಭುಜದ ಕಡೆಗೆ ಹೊರಟಿತು, ಅರ್ಧದಲ್ಲಿ ನಿಂತು, ಜೇಬಿಗೆ ಹೋಯಿತು. ಜೇಬಿನಲ್ಲಿ ಚಿಲ್ಲರೆ ಗಲಗಲ ಎಂದಿತು. ಮತ್ತೆ ಹೊರಬಂತು, ಮತ್ತೆ ಹೊರಟಿತು, ಮತ್ತೆ ಜೇಬಿಗೆ. ಅಕ್ಕ ರಸ್ತೆಯನ್ನೇ ನೋಡುತ್ತಾ ತುಟಿ ಬಿಗಿಹಿಡಿದು ನಗು ತಡೆಯುತ್ತಿದ್ದಳು. ಈ ಮನುಷ್ಯ ಮನೆ ಮುಟ್ಟುವವರೆಗೆ ತಡೆದುಕೊಳ್ಳಲಾರರು ಎಂದು ನನಗನ್ನಿಸಿತು. ಅವರಿಗೂ ಅನ್ನಿಸಿರಬೇಕು. ಥಟ್ಟನೆ ಅವಳ ಬೆನ್ನಿನ ಹಿಂದಿನಿಂದ ಸುತ್ತಿ ನನ್ನ ಕಡೆಗೆ ಬಂದರು.

"ಏನಯ್ಯಾ, ನಿನ್ನ ಕನ್ನಡಕ ಎಡಕ್ಕೆ ವಾಲಿದೆ."

"ಇಲ್ಲ ಭಾವ, ಸರಿಯಾಗೇ—"

"ಕೊಡು ಇಲ್ಲಿ."

ಕೊಡುವುದೇನು, ಅಷ್ಟರಲ್ಲಿ ಅದು ಅವರ ಕೈಯಲ್ಲಿತ್ತು. ಪುಟಾಣಿ ಸ್ಕ್ರೂಡ್ರೈವರ್ ಹೊರಬಂತು. ಬೀದಿ, ಮನೆಗಳು, ಎದುರು ಬರುವವರು ಎಲ್ಲ ಕರಗಿ ಒಂದೇ ಬಣ್ಣವಾಯಿತು.

"ಕೊಟ್ಟುಬಿಡು ಪುಟ್ಟ" ಎಂದಳು ಅಕ್ಕ ಮಂಜಿನೊಳಗಿಂದ. "ಯಾರಾದ್ರೂ ಒಬ್ರು ಸಿಕ್ಕಿಹಾಕ್ಕೋಬೇಕಲ್ಲ."

ನಾನು ತಡವರಿಸಿ ಅವಳ ಎಡ ಮೊಣಕೈ ಹಿಡಿದುಕೊಂಡು ಮನೆಯವರೆಗೆ ನಡೆದೆ. ಹಿಂದಿನಿಂದ ಸ್ಕ್ರೂ ತಿರುಗುವ ಸಣ್ಣ ಸದ್ದು ಬರುತ್ತಲೇ ಇತ್ತು.